ಬೀನ್ಸ್ ಸಾಸೇಜ್ ಟೋಸ್ಟ್: ಬ್ರೆಡ್ ಮುದ್ದೆಯಾಗದ ಹಾಗೆ

ಇಬ್ಬರಿಗೆ ಟೊಮೆಟೊ ಸಾಸ್‌ನಲ್ಲಿರೋ ಬೇಕ್ಡ್ ಬೀನ್ಸ್ (ಬೆಂದ ಬಿಳಿ ಬೀನ್ಸ್ ಕಾಳು) ಒಂದು ಡಬ್ಬಿ (ಸುಮಾರು 400 ಗ್ರಾಂ), 4 ಸಾಸೇಜ್, ಅರ್ಧ ಈರುಳ್ಳಿ, ದಪ್ಪ ಬ್ರೆಡ್ 4 ಸ್ಲೈಸ್, ಬೆಣ್ಣೆ.

ಹಸಿ ಪೋರ್ಕ್ ಸಾಸೇಜ್ ಆದರೆ ತಣ್ಣಗಿನ ಬಾಣಲೆಗೇ ಒಂದು ಚಮಚ ಎಣ್ಣೆ ಜೊತೆ ಹಾಕಿ, ಸಣ್ಣ ಉರಿಯಲ್ಲಿ ಹೊರಳಿಸುತ್ತಾ 15ರಿಂದ 20 ನಿಮಿಷ ಬೇಯಿಸಿ. ಉರಿ ಜೋರಾದರೆ ಸಿಪ್ಪೆ ಒಡೆದು ಹೊರಗೆ ಕರಕಲು, ಒಳಗೆ ಹಸಿ. ಫೋರ್ಕಿನಲ್ಲಿ ಚುಚ್ಚಬೇಡಿ, ರಸ ಸೋರಿ ಒಣಕಲಾಗುತ್ತೆ. ಬೆಂದೇ ಬರುವ ಫ್ರೋಜನ್ ಚಿಕನ್ ಸಾಸೇಜ್ ಇದ್ದರೆ (ಪ್ಯಾಕೆಟ್ ಓದಿ ನೋಡಿ) ಐಸ್ ಬಿಟ್ಟ ಮೇಲೆ ಒಳಗಿನ ತನಕ ಬಿಸಿಯಾಗಿ ಕೆಂಪಗಾದರೆ ಸಾಕು.

ಸಾಸೇಜ್ ತೆಗೆದು, ಬಾಣಲೆಯಲ್ಲಿ ಒಂದು ಚಮಚ ಜಿಡ್ಡು ಮಾತ್ರ ಉಳಿಸಿ. ಅದರಲ್ಲೇ ಈರುಳ್ಳಿ ಬಾಡಿಸಿ ಬೀನ್ಸ್ ಸುರಿದು, ತಳಕ್ಕೆ ಅಂಟಿದ ಕಂದು ಚೂರುಗಳನ್ನೆಲ್ಲ ಕೆರೆದು ಬೆರೆಸಿ. ರುಚಿ ಇರೋದೇ ಅಲ್ಲಿ. ವೂಸ್ಟರ್ ಸಾಸ್ (Worcestershire, ಹುಳಿ-ಉಪ್ಪು ರುಚಿಯ ತೆಳು ಕಂದು ಸಾಸ್) ಒಂದು ಟೀ ಚಮಚ, ಕಾಳುಮೆಣಸಿನ ಪುಡಿ ಹಾಕಿ. ಉಪ್ಪು ಬೇಡವೇ ಬೇಡ, ಡಬ್ಬಿಯಲ್ಲೂ ಸಾಸೇಜಲ್ಲೂ ಬೇಕಾದಷ್ಟಿರುತ್ತೆ. ಡಬ್ಬಿಯ ಸಿಹಿ ಹಿಡಿಸದವರು ಕಾಲು ಚಮಚ ಅಚ್ಚಖಾರದ ಪುಡಿ ಹಾಕಬಹುದು. ಸಣ್ಣ ಉರಿಯಲ್ಲಿ 4-5 ನಿಮಿಷ ಸಾಕು. ಕೊತಕೊತ ಕುದಿಸಿದರೆ ಕಾಳು ಒಡೆದು ಹಿಟ್ಟಾಗುತ್ತೆ. ಸೌಟಿನಲ್ಲಿ ಗೀರಿದಾಗ ಬಾಣಲೆಯ ತಳ ಒಂದು ಕ್ಷಣ ಕಾಣಬೇಕು. ನೀರಾಗಿದ್ದರೆ ಟೋಸ್ಟ್ ಗತಿ ಮುಗೀತು.

ಬ್ರೆಡ್ಡನ್ನು ಕೊನೆಗೇ, ಚೆನ್ನಾಗಿ ಕಂದಾಗುವ ತನಕ ಸುಡಿ. ಸಿಹಿ ಮಿಲ್ಕ್ ಬ್ರೆಡ್ ಬೇಡ. ಬಿಸಿ ಟೋಸ್ಟನ್ನು ತಟ್ಟೆಯಲ್ಲಿ ಮಲಗಿಸಿಟ್ಟರೆ ಹಬೆಗೆ ತಳ ಒದ್ದೆಯಾಗುತ್ತೆ, ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಬೆಣ್ಣೆ ಅಂಚಿನವರೆಗೂ ಸವರಿದರೆ ಸಾಸ್ ಬೇಗ ಒಳಗಿಳಿಯಲ್ಲ. ಟೋಸ್ಟ್ ಮೇಲೆ ಬೀನ್ಸ್ ಹಾಕಿ, ಸಾಸೇಜ್ ಓರೆಯಾಗಿ ಹೆಚ್ಚಿ ಅದರ ಮೇಲಿಟ್ಟು ಕೂಡಲೇ ಬಡಿಸಿ.