ಒಲೆ ಪಕ್ಕದ ಓದು

ನಾನು ಮೊದಲು ಕೈಗೆತ್ತಿಕೊಂಡ ದೊಡ್ಡ ಪುಸ್ತಕ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’. ದೇಜಗೌ ಅವರ ಕನ್ನಡ ಅನುವಾದ. ಮೂವತ್ತು ಪುಟ ದಾಟುವುದಕ್ಕೂ ಆಗಲಿಲ್ಲ. ಒಬ್ಬೊಬ್ಬರಿಗೆ ಎರಡು ಮೂರು ಹೆಸರು. ಯಾರು ಯಾರ ಮಗ, ಯಾರಿಗೆ ಯಾರು ನೆಂಟರು, ಒಂದೂ ತಿಳಿಯಲಿಲ್ಲ. ಇಂಥ ಪುಸ್ತಕ ತೋಟದ ಕೆಲಸ ಮಾಡಿಕೊಂಡಿರುವ ನನಗಲ್ಲ ಅಂದುಕೊಂಡು ಮುಚ್ಚಿಟ್ಟೆ. ಆಮೇಲೆ ಆರು ವರ್ಷ ಯಾವ ದೊಡ್ಡ ಲೇಖಕರ ತಂಟೆಗೂ ಹೋಗಲಿಲ್ಲ.

ಮತ್ತೆ ಓದಿಗೆ ಎಳೆದವರು ನಮ್ಮೂರ ಕಡೆಯವರೇ, ಕತೆಗಾರ್ತಿ ಕೊಡಗಿನ ಗೌರಮ್ಮ. ಹುಟ್ಟಿದ್ದು 1912, ನೀರಿನಲ್ಲಿ ಮುಳುಗಿ ತೀರಿಕೊಂಡದ್ದು 1939. ಬರೀ 27 ವರ್ಷ. ಗಂಡ ಕಾಫಿ ತೋಟದಲ್ಲಿ ಮ್ಯಾನೇಜರ್. ಆ ಕಾಲದಲ್ಲಿ, ಈ ಗುಡ್ಡಗಳ ನಡುವೆ ಕೂತು, ವಿಧವೆಯರ ಬದುಕಿನ ಬಗ್ಗೆ, ಮರುಮದುವೆಯ ಬಗ್ಗೆ ಅಷ್ಟು ನೇರವಾಗಿ ಬರೆದಿದ್ದಾರೆ. ಒಂದು ಕತೆಗೆ ಅರ್ಧ ಗಂಟೆ ಸಾಕು. ಭಾಷೆಯೂ ಎದುರಿಗೆ ಕೂತು ಮಾತಾಡಿದ ಹಾಗೆ. ದೊಡ್ಡ ಲೇಖಕರು ಅಂದರೆ ಕಷ್ಟದ ಲೇಖಕರು ಅನ್ನುವ ನನ್ನ ಹೆದರಿಕೆ ಅಲ್ಲಿಗೆ ಹೋಯಿತು.

ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ನಮ್ಮಲ್ಲಿ ಹೊರಗಿನ ಕೆಲಸ ಕಮ್ಮಿ. ಮಳೆ ಬಿಡುವುದಿಲ್ಲ. ಕರೆಂಟು ಹೋದರೆ ಎರಡು ದಿನಕ್ಕೆ ಬಂದರೆ ಬಂತು. ಆ ವರ್ಷ ಒಲೆ ಪಕ್ಕ ಕೂತು ಅವ್ವನಿಗೆ ಗಟ್ಟಿಯಾಗಿ ಓದಿ ಹೇಳಲು ಶುರು ಮಾಡಿದೆ. ದಿನಕ್ಕೆ ಹತ್ತೋ ಹದಿನೈದೋ ಪುಟ, ಅಷ್ಟೇ. ಗಟ್ಟಿಯಾಗಿ ಓದುವಾಗ ಪುಟ ಹಾರಿಸಲು ಆಗುವುದಿಲ್ಲ ನೋಡಿ. ಕಣ್ಣಿನಲ್ಲಿ ಓದುವಾಗ ಜಾರಿ ಹೋಗುತ್ತಿದ್ದ ವಾಕ್ಯ ನಾಲಿಗೆಗೆ ಬಂದಾಗ ನಿಲ್ಲುತ್ತದೆ. ಪುಸ್ತಕಕ್ಕೆ ಬೂಷ್ಟು ಹಿಡಿಯದ ಹಾಗೆ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತೇನೆ. ಈಗ ಎಲ್ಲದಕ್ಕೂ ಸ್ವಲ್ಪ ಹೊಗೆಯ ವಾಸನೆ. ನನಗೆ ಅದು ಇಷ್ಟ.

ಮುಂದಿನ ಮಳೆಗಾಲ ಮಾಸ್ತಿಯವರ ‘ಚಿಕವೀರ ರಾಜೇಂದ್ರ’. ಬಂದದ್ದು 1956ರಲ್ಲಿ, 1983ರ ಜ್ಞಾನಪೀಠ ಸಿಕ್ಕಿದ್ದು ಇದಕ್ಕೇ. 1834ರಲ್ಲಿ ಬ್ರಿಟಿಷರ ಕೈಗೆ ಹೋದ ನಮ್ಮದೇ ಕೊಡಗು ರಾಜ್ಯದ, ಅದರ ಕೊನೆಯ ರಾಜನ ಕತೆ. ಕಾದಂಬರಿಯ ರಾಜ ಬೇರೆ, ನಿಜವಾದ ರಾಜ ಬೇರೆ ಅಂತ ವಾದ ಮಾಡುವವರು ಇಲ್ಲಿ ಈಗಲೂ ಇದ್ದಾರೆ. ಆ ವಾದದಲ್ಲಿ ಹುರುಳಿದೆ. ಆದರೂ ಗಂಡನ ತಪ್ಪೆಲ್ಲ ಗೊತ್ತಿದ್ದೂ ಅವನನ್ನೂ ನಾಡನ್ನೂ ಉಳಿಸಲು ನೋಡುವ ರಾಣಿ ಗೌರಮ್ಮ ನನ್ನನ್ನು ಬಿಡಲೇ ಇಲ್ಲ. ಮಳೆ ಕಳೆದ ಮೇಲೆ ಕಕ್ಕಬ್ಬೆ ಹತ್ತಿರ ಕೊಡಗಿನ ರಾಜರದ್ದಾಗಿದ್ದ ನಾಲ್ಕುನಾಡು ಅರಮನೆಗೆ ಹೋದೆ. ಮೊದಲು ಹೋದಾಗ ಬರೀ ಕಂಬ ನೋಡಿ ಬಂದಿದ್ದೆ. ಈ ಸಲ ಪ್ರತಿ ಕೋಣೆಯಲ್ಲೂ ಸುಮ್ನೆ ನಿಂತುಕೊಂಡೆ.

ಈ ಎರಡು ವರ್ಷ ಆದ ಮೇಲೆ ಟಾಲ್‌ಸ್ಟಾಯ್ ಅವರನ್ನು ಅಟ್ಟದಿಂದ ಇಳಿಸಿದೆ. ಈ ಸಲ ಒಂದು ಹಾಳೆಯಲ್ಲಿ ಮನೆತನ ಮನೆತನವಾಗಿ ಹೆಸರು ಬರೆದಿಟ್ಟುಕೊಂಡೆ. ರಷ್ಯಾದವರ ಹೆಸರಿನ ನಡುವೆ ತಂದೆಯ ಹೆಸರು ಇರುತ್ತದೆ, ಕೊನೆಗೆ ಮನೆತನ. ನಮ್ಮಲ್ಲೂ ಅಷ್ಟೇ ಅಲ್ವಾ? ಮನೆತನದ ಹೆಸರು ಹೇಳದೆ ಯಾರ ಗುರುತೂ ಹತ್ತುವುದಿಲ್ಲ. ಇದು ಹೊಳೆದ ದಿನದಿಂದ ಗೋಜಲು ಬಿಟ್ಟಿತು.

ಅದರಲ್ಲಿ ಒಂದು ಕಡೆ ಬೇಟೆ ಮುಗಿಸಿ ಎಲ್ಲರೂ ಹಳ್ಳಿಯ ಒಂದು ಮನೆಗೆ ಬರುತ್ತಾರೆ. ಊಟ ಆಗುತ್ತದೆ, ಹಾಡು ಶುರುವಾಗುತ್ತದೆ. ದೊಡ್ಡ ಮನೆಯಲ್ಲಿ ಫ್ರೆಂಚ್ ಕಲಿತು ಬೆಳೆದ ನತಾಶ ಎದ್ದು ಹಳ್ಳಿಯವರ ಹಾಗೇ ಕುಣಿಯುತ್ತಾಳೆ. ಯಾರೂ ಕಲಿಸಿದ್ದಲ್ಲ. ಓದುತ್ತಾ ನನ್ನ ಗಂಟಲು ಕಟ್ಟಿತು. ಮದುವೆ ಮನೆಯಲ್ಲಿ ವಾಲಗ ಶುರುವಾದ ಕೂಡಲೇ ಕುರ್ಚಿಯಿಂದ ಏಳುವ ನಮ್ಮ ಹೆಣ್ಣುಮಕ್ಕಳೆಲ್ಲ ಕಣ್ಣ ಮುಂದೆ ಬಂದರು.

“ಅದನ್ನ ಇನ್ನೊಂದು ಸಲ ಓದು ಮಗ” ಅಂದಳು ಅವ್ವ. ಓದಿದೆ.

ಪುಸ್ತಕ ಇನ್ನೂ ಅರ್ಧ ಬಾಕಿ ಇದೆ. ನೆಪೋಲಿಯನ್ ಇನ್ನೂ ಮಾಸ್ಕೋ ಕಡೆಗೆ ಹೊರಟಿಲ್ಲ.