ಮಂತ್ರ ಕಲಿಯೋ ಖರ್ಚು: ನನ್ನ ವಿಝಾರ್ಡ್‌ನ ಖಾತೆ ಪುಸ್ತಕ

ದಾವಣಗೆರೆಯಲ್ಲಿ ನಾವು ಐದು ಜನ ಪ್ರತಿ ಭಾನುವಾರ ಮಧ್ಯಾಹ್ನ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ದಾಳ ಹಾಕುತ್ತಾ ಮುಂದುವರಿಸೋ ಕಥೆಯ ಆಟ ಇದು. ವಿದ್ಯಾನಗರದ ಒಂದು ಮನೆಯ ಮಹಡಿ ರೂಮು. ಮಧ್ಯೆ ನಕ್ಷೆ, ದಾಳಗಳು. ಪಕ್ಕದಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ. ನಮ್ಮ ಡಿಎಂ, ಅಂದರೆ ಕಥೆ ನಡೆಸುವವನು, ಚಿತ್ರದುರ್ಗದವನು. ಆಡೋದು 2014ರ ಐದನೇ ಆವೃತ್ತಿಯ ನಿಯಮದ ಪ್ರಕಾರ. ಅದರ ಗೋಲ್ಡ್ ಪೀಸ್‌ಗೆ ನಮ್ಮಲ್ಲಿ ವರಹ ಅಂತ ಹೆಸರು.

ನಾನು ವಿಝಾರ್ಡ್, ಅಂದರೆ ಪುಸ್ತಕ ನೋಡಿ ಮಂತ್ರ ಕಲಿಯೋ ಮಾಂತ್ರಿಕ. ಹಗಲಲ್ಲಿ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಆದರೂ ಆಟದಲ್ಲಿ ಲೆಕ್ಕ ಇಡಬೇಕು ಅಂತ ಮೊದಲು ಹೊಳೆಯಲಿಲ್ಲ. ಅದು ಹೊಳೆದದ್ದು ನಮ್ಮ ಯೋಧ ಸತ್ತ ದಿನ.

ಆಗ ನಾವೆಲ್ಲ ಎರಡನೇ ಲೆವೆಲ್. ನನ್ನ ಹತ್ತಿರ 110 ವರಹ ಇತ್ತು. ದಾರಿಯಲ್ಲಿ ಸಿಕ್ಕ ಮುದುಕ ವಿಝಾರ್ಡ್ ತನ್ನ ಪುಸ್ತಕದಿಂದ ಮಂತ್ರ ಬರೆದುಕೊಳ್ಳಲು ಒಪ್ಪಿದ. ಮಂತ್ರದ ಒಂದೊಂದು ದರ್ಜೆಗೆ 50 ವರಹ, ಎರಡು ಗಂಟೆ. ಮೊದಲ ದರ್ಜೆಯ ಎರಡು ಯುದ್ಧದ ಮಂತ್ರ ಬರೆದುಕೊಂಡೆ. ಉಳಿದದ್ದು 10 ವರಹ. ಮುಂದಿನ ವಾರ ಗುಹೆಯಲ್ಲಿ ಯೋಧ ಬಿದ್ದ. ಗಾಯ ವಾಸಿ ಮಾಡೋ ಪೂಜಾರಿ, ನಮ್ಮ ಕ್ಲೆರಿಕ್‌ನ ಮಂತ್ರಗಳೆಲ್ಲ ಮುಗಿದಿದ್ದವು. ಗಾಯ ವಾಸಿ ಮಾಡೋ ಮದ್ದಿನ ಸೀಸೆಗೆ ಸರಿಯಾಗಿ 50 ವರಹ. ಯಾರ ಚೀಲದಲ್ಲೂ ಒಂದೂ ಇರಲಿಲ್ಲ. ಬದುಕಿಸಲು ಹಾಕಿದ ದಾಳ ಮೂರು ಸಲ ಕೈಕೊಟ್ಟಿತು, ಯೋಧ ಸತ್ತ. ಆ ಯೋಧನನ್ನು ಆಡುತ್ತಿದ್ದದ್ದು ನನ್ನ ಚಿಕ್ಕಪ್ಪನ ಮಗ. ಅವನು ಏನೂ ಅನ್ನಲಿಲ್ಲ. ಮೂರು ತಿಂಗಳು ಬರೆದು ಅಳಿಸಿ ಮಾಸಿದ್ದ ಪಾತ್ರದ ವಿವರದ ಹಾಳೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡ.

ಮನೆಗೆ ಬಂದು ನನ್ನ ಹಾಳೆ ತೆಗೆದು ನೋಡಿದೆ. ದುಡ್ಡು ಕೊಟ್ಟು ಬರೆದುಕೊಂಡ ಎರಡು ಮಂತ್ರಗಳಲ್ಲಿ ಒಂದನ್ನೂ ನಾನು ಆ ದಿನ ಸಿದ್ಧ ಮಾಡಿಕೊಂಡಿರಲಿಲ್ಲ!

ವಿಝಾರ್ಡ್ ಆಡುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಪುಸ್ತಕದಲ್ಲಿ ಎಷ್ಟೇ ಮಂತ್ರ ಇರಲಿ, ಒಂದು ದಿನದ ಬಳಕೆಗೆ ಸಿದ್ಧ ಮಾಡಿಕೊಳ್ಳಬಹುದಾದದ್ದು ನಿಮ್ಮ ಲೆವೆಲ್ ಮತ್ತು ಬುದ್ಧಿಯ ಬೋನಸ್ ಕೂಡಿದಷ್ಟೇ. ನನಗೆ ಆಗ ಎರಡು ಪ್ಲಸ್ ಮೂರು, ಒಟ್ಟು ಐದು. ಶುರುವಿಗೆ ಬಂದ ಆರು, ಎರಡನೇ ಲೆವೆಲ್‌ಗೆ ಪುಕ್ಕಟೆ ಬಂದ ಎರಡು ಸೇರಿ ಎಂಟು ಮಂತ್ರ ಪುಸ್ತಕದಲ್ಲಿ ಮೊದಲೇ ಇದ್ದವು. ಒಂಬತ್ತನೆಯದು, ಹತ್ತನೆಯದು ಸುಮ್ನೆ ಬೀರುವಿನಲ್ಲಿ ಇಟ್ಟ ರೇಷ್ಮೆ ಸೀರೆ ಇದ್ದ ಹಾಗೆ.

ರಿಚುವಲ್, ಅಂದರೆ ನಿಧಾನವಾಗಿ ವಿಧಿಯಂತೆ ಮಾಡೋ ಮಂತ್ರಗಳ ಕಥೆ ಬೇರೆ. ಅವು ಪುಸ್ತಕದಲ್ಲಿ ಇದ್ದರೆ ಸಾಕು, ಸಿದ್ಧ ಮಾಡಿಕೊಳ್ಳಬೇಕಿಲ್ಲ. ಹತ್ತು ನಿಮಿಷ ಜಾಸ್ತಿ ತಗೊಳ್ಳುತ್ತವೆ ಅಷ್ಟೇ. ಹಾಗಾಗಿ ಅಂದಿನಿಂದ ನನ್ನ ವರಹ ಹೋಗೋದು ರಿಚುವಲ್‌ಗಳಿಗೆ. ಯುದ್ಧದ ಮಂತ್ರಗಳನ್ನು ಲೆವೆಲ್ ಏರಿದಾಗ ಪುಕ್ಕಟೆ ಸಿಗೋ ಎರಡರಲ್ಲಿ ತಗೊಳ್ಳುತ್ತೇನೆ, ಅದೂ ಆಗ ಸಿಗೋ ಅತಿ ದೊಡ್ಡ ದರ್ಜೆಯವನ್ನೇ. ಐದನೇ ಲೆವೆಲ್‌ನಲ್ಲಿ ಫೈರ್‌ಬಾಲ್, ಕೌಂಟರ್‌ಸ್ಪೆಲ್ ತಗೊಂಡೆ. ಮೂರನೇ ದರ್ಜೆಯವು, ಬರೆದುಕೊಂಡಿದ್ದರೆ ತಲಾ 150 ವರಹ ಆಗುತ್ತಿತ್ತು. ಅಲ್ಲಿ ಮೊದಲ ದರ್ಜೆಯದನ್ನು ಆರಿಸಿದರೆ ಶುದ್ಧ ನಷ್ಟ.

ಎರಡನೇ ಲೆವೆಲ್‌ನಲ್ಲಿ ವಿಝಾರ್ಡ್ ಮಂತ್ರವಿದ್ಯೆಯ ಒಂದು ಶಾಖೆ, ಅಂದರೆ ಶಾಲೆ, ಆರಿಸಬೇಕು. ಎಲ್ಲರೂ ಬೆಂಕಿ, ಸಿಡಿಲಿನ ಎವೊಕೇಶನ್ ತಗೋ ಅಂದರು. ನಾನು ಕಾಣದ್ದನ್ನು ತಿಳಿಯೋ ಡಿವಿನೇಶನ್ ತಗೊಂಡೆ. 2014ರ ನಿಯಮದಲ್ಲಿ ನಿಮ್ಮ ಶಾಲೆಯ ಮಂತ್ರ ಬರೆಯಲು ಅರ್ಧ ದುಡ್ಡು, ಅರ್ಧ ಹೊತ್ತು. (2024ರ ನಿಯಮದಲ್ಲಿ ಈ ರಿಯಾಯಿತಿ ಇಲ್ಲ, ಅದರ ಬದಲು ಶಾಲೆಯ ಕೆಲವು ಮಂತ್ರ ಪುಕ್ಕಟೆ ಬರುತ್ತವೆ.) ಡಿಟೆಕ್ಟ್ ಮ್ಯಾಜಿಕ್, ಕಾಂಪ್ರಹೆಂಡ್ ಲ್ಯಾಂಗ್ವೇಜಸ್ ಎರಡೂ ಡಿವಿನೇಶನ್, ಎರಡೂ ರಿಚುವಲ್. 25 ವರಹದಂತೆ ಎರಡೂ ಸೇರಿ 50ಕ್ಕೆ ಬಂದವು. ಮಾಯಾವಸ್ತುವಿನ ಗುಣ ತಿಳಿಸೋ ಐಡೆಂಟಿಫೈ ಕೂಡ ಇದೇ ಶಾಲೆಯದು. ಆದರೆ ಅದನ್ನು ಬಿಟ್ಟೆ. ಬರೆಯೋಕೆ 25 ಆದರೂ ಪ್ರಯೋಗಿಸಲು 100 ವರಹದ ಮುತ್ತು ಬೇಕು. ಮುತ್ತು ಖರ್ಚಾಗಲ್ಲ, ನಿಜ. ಆದರೂ ವಸ್ತುವನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಕೂತರೆ ಅದರ ಗುಣ ಹೇಗೂ ತಿಳಿಯುತ್ತೆ ಅಲ್ವಾ?

ಡಿವಿನೇಶನ್‌ನಿಂದ ಇನ್ನೊಂದು ಲಾಭ ಆಯಿತು. ಇದನ್ನು ಕಂಡುಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಬೇರೆ ವಿಝಾರ್ಡ್‌ನ ಪುಸ್ತಕದಿಂದ ಬರೆದುಕೊಂಡರೆ ಪರೀಕ್ಷೆ ಇಲ್ಲ. ಸ್ಕ್ರೋಲ್‌ನಿಂದ, ಅಂದರೆ ಮಂತ್ರ ಬರೆದ ಸುರುಳಿಯಿಂದ, ಬರೆದುಕೊಂಡರೆ ಇದೆ. ಆರ್ಕಾನಾ (ಮಂತ್ರವಿದ್ಯೆಯ ತಿಳಿವಳಿಕೆ) ದಾಳ ಹಾಕಿ, ಬೋನಸ್ ಸೇರಿಸಿ, ಹತ್ತಕ್ಕೆ ಮಂತ್ರದ ದರ್ಜೆ ಕೂಡಿಸಿದಷ್ಟು ಮುಟ್ಟಬೇಕು. ಗೆದ್ದರೂ ಸೋತರೂ ಸ್ಕ್ರೋಲ್ ಮಾತ್ರ ಹಾಳು. ಐದನೇ ಲೆವೆಲ್‌ನಲ್ಲಿ ನನ್ನ ಬೋನಸ್ ಏಳು. ಮೂರನೇ ದರ್ಜೆಯ ಸ್ಕ್ರೋಲ್‌ಗೆ 13 ಬೇಕು, ಅಂದರೆ ದಾಳದಲ್ಲಿ ಆರು ಅಥವಾ ಜಾಸ್ತಿ. ನಾಲ್ಕರಲ್ಲಿ ಒಂದು ಸಲ ಸೋಲುವ ಲೆಕ್ಕ ಅದು. ಕಷ್ಟಪಟ್ಟು ಸಂಪಾದಿಸಿದ ಸ್ಕ್ರೋಲ್ ಮೇಲೆ ಅಷ್ಟು ಜೂಜು ನನಗೆ ಒಪ್ಪಿಗೆ ಇಲ್ಲ.

ಡಿವಿನೇಶನ್ ವಿಝಾರ್ಡ್‌ಗೆ ಪೋರ್ಟೆಂಟ್ ಅಂತ ಒಂದು ಶಕ್ತಿ ಇದೆ. ನಿದ್ದೆ ಮಾಡಿ ಎದ್ದ ಮೇಲೆ ಇಪ್ಪತ್ತು ಮುಖದ ದಾಳ ಎರಡು ಸಲ ಹಾಕಿ ಬರೆದಿಟ್ಟುಕೊಳ್ಳಬೇಕು. ಆ ದಿನ ಯಾರಾದರೂ ಹಾಕೋ ಇಪ್ಪತ್ತು ಮುಖದ ದಾಳದ ಬದಲು, ಅದನ್ನು ಉರುಳಿಸುವ ಮೊದಲೇ, ಈ ಅಂಕಿ ಇಡಬಹುದು. 19 ಬಂದರೆ ನಮ್ಮವರಿಗೆ, ಎರಡು ಬಂದರೆ ಶತ್ರುವಿಗೆ. ಎಂಟು, ಒಂಬತ್ತು ಬಂದ ದಿನ ನಾನು ಬೇಜಾರು ಮಾಡಿಕೊಳ್ಳುತ್ತಿದ್ದೆ, ಯುದ್ಧದಲ್ಲಿ ಅವು ಯಾರಿಗೂ ಬೇಡ. ಒಂದು ಭಾನುವಾರ ಎಂಟು ಅಂತ ಬರೆಯುತ್ತಿದ್ದಾಗ ತಟ್ಟನೆ ಹೊಳೆಯಿತು. ಎಂಟು ಪ್ಲಸ್ ಏಳು ಹದಿನೈದು! ಮೂರನೇ ದರ್ಜೆಯ ಸ್ಕ್ರೋಲ್ ಬರೆಯಲು ಧಾರಾಳವಾಗಿ ಸಾಕು. ಈಗ ಊರಲ್ಲಿ ತಂಗಿದ ದಿನಗಳಲ್ಲಿ ಬೆಳಗ್ಗೆ ದಾಳ ನೋಡುತ್ತೇನೆ. ಆರರಿಂದ ಮೇಲೆ ಒಂದಾದರೂ ಬಂದಿದ್ದರೆ ಸ್ಕ್ರೋಲ್ ಬಿಚ್ಚುತ್ತೇನೆ. ಬರದಿದ್ದರೆ ಮರುದಿನಕ್ಕೆ. ಆಮೇಲೆ ಒಂದೂ ಸ್ಕ್ರೋಲ್ ಕಳೆದುಕೊಂಡಿಲ್ಲ.

ಮಂತ್ರದ ಪುಸ್ತಕ ಕಳೆದುಹೋದರೆ ಕಷ್ಟ ಅಂತ ಒಂದು ನಕಲೂ ಮಾಡಿದೆ. ನಕಲಿಗೆ ಪ್ರತಿ ದರ್ಜೆಗೆ 10 ವರಹ, ಒಂದು ಗಂಟೆ. ಖಾಲಿ ಪುಸ್ತಕಕ್ಕೆ 50. ಎಲ್ಲವನ್ನೂ ನಕಲು ಮಾಡಲು ಹೋಗಲಿಲ್ಲ. ಫೈಂಡ್ ಫೆಮಿಲಿಯರ್, ಡಿಟೆಕ್ಟ್ ಮ್ಯಾಜಿಕ್, ಶೀಲ್ಡ್, ಮಿಸ್ಟಿ ಸ್ಟೆಪ್, ಫೈರ್‌ಬಾಲ್ ಇಷ್ಟೇ. ಎಂಟು ದರ್ಜೆ, ಪುಸ್ತಕ ಸೇರಿ 130 ವರಹ. ಅದು ಕ್ಲೆರಿಕ್‌ನ ಚೀಲದಲ್ಲಿದೆ.

ಇನ್ನು ದುಡ್ಡು ಎಲ್ಲಿಂದ? ಅಂಗಡಿ ಖರ್ಚಿಗೂ ಮನೆ ಖರ್ಚಿಗೂ ಒಂದೇ ಪೆಟ್ಟಿಗೆ ಇಟ್ಕೋಬೇಡ ಅಂತ ನಮ್ಮ ಮಾಲೀಕರು ಯಾವಾಗಲೂ ಹೇಳುತ್ತಾರೆ. ಹಾಗೆ ನಾನೂ ಒಂದು ನೋಟ್‌ಬುಕ್ ಮಾಡಿದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನನಗೊಬ್ಬನಿಗೇ ಬೇಕಾದ ಮಂತ್ರ ನನ್ನ ಪುಟಕ್ಕೆ, ಎಲ್ಲರಿಗೂ ಆಗೋದು ಹುಂಡಿಯ, ಅಂದರೆ ಎಲ್ಲರೂ ಸೇರಿ ಹಾಕೋ ದುಡ್ಡಿನ, ಪುಟಕ್ಕೆ. ಹುಂಡಿಯಿಂದ ಮೊದಲು ಎಲ್ಲರಿಗೂ ಒಂದೊಂದು ಮದ್ದಿನ ಸೀಸೆ. ಅದಾಗದೆ ನಾನು ಶಾಯಿ ಮುಟ್ಟಲ್ಲ.

ರಾತ್ರಿ ಮಲಗಲು ಗುಡಿಸಲು ಎಬ್ಬಿಸೋ ಟೈನಿ ಹಟ್ ಮಂತ್ರಕ್ಕೆ ನಾನು 150 ವರಹ ಕೇಳಿದಾಗ ಚಿಕ್ಕಪ್ಪನ ಮಗ, ನನ್ನ ತಮ್ಮ ಕೇಳಿದ, "ಅಣ್ಣಾ, ಅದು ನಿನ್ನ ಪುಸ್ತಕಕ್ಕೆ ತಾನೆ ಹೋಗೋದು?"

"ಹೌದಪ್ಪ. ಆದ್ರೆ ಒಳಗೆ ಮಲಗೋರು ನಾಲ್ಕೂ ಜನ ತಾನೆ?"

ನಾನು 60 ಹಾಕಿದೆ. ಉಳಿದ ಮೂವರು 30, 30, 30.

ಹೋದ ತಿಂಗಳು ಡಿಎಂ ನಮ್ಮನ್ನು ಏಳು ಸುತ್ತಿನ ಕೋಟೆಗೆ ಕರೆದುಕೊಂಡು ಹೋದ. ಬಂಡೆ, ಕಿಂಡಿ, ಹೊಂಡ, ಎಲ್ಲಾ ಅವನೂರಿನ ಕೋಟೆಯಂತೆ. ಮೂರನೇ ಸುತ್ತಿನಲ್ಲಿ ರಾತ್ರಿ ಆಯಿತು, ಮಳೆ ಬಂತು. ಹನ್ನೊಂದು ನಿಮಿಷ ರಿಚುವಲ್ ಮಾಡಿ ಗುಡಿಸಲು ಎಬ್ಬಿಸಿದೆ. ಎಂಟು ಗಂಟೆ ಕಾವಲುಗಾರರು ಸುತ್ತಲೂ ಓಡಾಡಿದರು, ಒಳಗೆ ಬರಲು ಯಾರಿಗೂ ಆಗಲಿಲ್ಲ. ಬೆಳಗ್ಗೆ ತಮ್ಮನ ಹೊಸ ಯೋಧ ಹೊಂಡದ ದಡದಲ್ಲಿ ನಿಂತು ನೀರಿನ ತಳದಲ್ಲಿ ಒಂದು ಬಾಗಿಲು ನೋಡಿದ.

"ಅಣ್ಣಾ, ನೀರೊಳಗೆ ಉಸಿರಾಡೋ ಮಂತ್ರಕ್ಕೆ ಎಷ್ಟು?"

"ಮೂರನೇ ದರ್ಜೆ, ರಿಚುವಲ್. 150."

ಅವನು ತನ್ನ ಹಾಳೆಯಲ್ಲಿ 30 ವರಹ ಕಳೆದು, ನೋಟ್‌ಬುಕ್ ನನ್ನ ಕಡೆ ಸರಿಸಿದ.