ಒಂದು ಮಿಲಿ ಅತ್ತರು, ಒಂದು ಇಡೀ ದಿನ: ಸ್ಯಾಂಪಲ್ ನೋಡುವ ನನ್ನ ಅನುಭವ

ಸ್ಯಾಂಪಲ್ ಪಾರ್ಸೆಲ್ ಬಂದ ದಿನ ನಾನು ಯಾವ ಶೀಶೆಯ ಮುಚ್ಚಳವನ್ನೂ ತೆಗೆಯುವುದಿಲ್ಲ. ಕೊರಿಯರ್ ವ್ಯಾನಿನಲ್ಲಿ ಎರಡು ಮೂರು ದಿನ ಬಿಸಿಯುಂಡು, ಕುಲುಕಾಡಿ ಬಂದಿರುತ್ತವೆ. ಮುಚ್ಚಳದ ಸಂದಿಯಲ್ಲಿ ಜಿನುಗಿದ ಎಣ್ಣೆ ಒಂದರದ್ದು ಇನ್ನೊಂದಕ್ಕೆ ತಾಗಿರುತ್ತದೆ. ಪೊಟ್ಟಣ ಬಿಚ್ಚಿದೊಡನೆ ಹತ್ತು ವಾಸನೆ ಒಟ್ಟಿಗೆ ಮೂಗಿಗೆ ಹೊಡೆಯುತ್ತದೆ, ಆ ಗದ್ದಲದಲ್ಲಿ ಕಟ್ಟಿಕೊಂಡ ಅಭಿಪ್ರಾಯ ಯಾವುದೂ ಮರುದಿನಕ್ಕೆ ಉಳಿಯುವುದಿಲ್ಲ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒಂದೊಂದನ್ನೂ ಹೊರಗಿನಿಂದ ಒರೆಸಿ, ನೆಟ್ಟಗೆ ನಿಲ್ಲಿಸಿ, ಒಂದು ರಾತ್ರಿ ಹಾಗೇ ಬಿಡುತ್ತೇನೆ.

ಇಲ್ಲಿ ಬರೆಯುತ್ತಿರುವುದು ಆಲ್ಕೋಹಾಲ್ ಇಲ್ಲದ ಎಣ್ಣೆ ಸುಗಂಧಗಳ ಬಗ್ಗೆ, ಮುಖ್ಯವಾಗಿ ಉತ್ತರ ಪ್ರದೇಶದ ಕನೌಜಿನ ಅತ್ತರುಗಳ ಬಗ್ಗೆ. ಸ್ಪ್ರೇ ಪರ್ಫ್ಯೂಮ್ ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು. ಸ್ಪ್ರೇಯಲ್ಲಿ ಆಲ್ಕೋಹಾಲ್ ಹಾರುವಾಗ ಪರಿಮಳವನ್ನೂ ಎತ್ತಿಕೊಂಡು ಹೋಗುತ್ತದೆ, ಮೊದಲ ಹತ್ತು ನಿಮಿಷವೇ ದೊಡ್ಡ ಆಟ. ಎಣ್ಣೆ ಹಾಗಲ್ಲ. ಮೈಗೆ ಅಂಟಿಕೊಂಡು ನಿಧಾನವಾಗಿ ಏಳುತ್ತದೆ, ಅದರ ಗುಣ ತಿಳಿಯುವುದು ನಾಲ್ಕು ಗಂಟೆ ಕಳೆದ ಮೇಲೆ. ಅಂಗಡಿಯಲ್ಲಿ ನಿಂತು ಕೈಗೆ ಹಚ್ಚಿಸಿಕೊಂಡು ಅಲ್ಲೇ ತೊಲಗಟ್ಟಲೆ ಕೊಂಡು ಬಂದವರು ಆಮೇಲೆ ಬೇಸರಪಡುವುದು ಇದೇ ಕಾರಣಕ್ಕೆ. ತೊಲ ಅಂದರೆ 11.66 ಗ್ರಾಂ. ಸಗಟು ಅತ್ತರು ವ್ಯಾಪಾರ ಇಂದಿಗೂ ಅದೇ ಲೆಕ್ಕದಲ್ಲಿ ನಡೆಯುತ್ತದೆ.

ಮರುದಿನ ಮೊದಲ ಕೆಲಸ ನಂಬರ್ ಹಾಕುವುದು. ಪರ್ಮನೆಂಟ್ ಮಾರ್ಕರಿನಲ್ಲಿ ಗಾಜಿನ ಮೇಲೆ ಬರೆದರೆ ಎಣ್ಣೆ ತಾಗಿದ ಕೈಗೆ ಅಳಿಸಿಹೋಗುತ್ತದೆ. ಚಿಕ್ಕ ಕಾಗದದ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಮೇಲೆ ಸೆಲ್ಲೋಟೇಪ್ ಸುತ್ತುತ್ತೇನೆ. ಶೀಶೆಗೆ ಹಾಕಿದ ನಂಬರನ್ನೇ ಮುಚ್ಚಳಕ್ಕೂ ಹಾಕಬೇಕು, ಇದು ಮುಖ್ಯ. ಸಣ್ಣ ಶೀಶೆಗಳ ಮುಚ್ಚಳಕ್ಕೆ ಹಚ್ಚುವ ಕಡ್ಡಿ ಅಂಟಿಕೊಂಡೇ ಇರುತ್ತದೆ. ಎರಡು ಶೀಶೆ ಒಟ್ಟಿಗೆ ತೆರೆದಾಗ ಮುಚ್ಚಳ ಅದಲು ಬದಲಾದರೆ ಎರಡೂ ಕೆಟ್ಟವು ಅಂತಲೇ ಲೆಕ್ಕ. ಲಾವಂಚದ ಕಡ್ಡಿ ಒಮ್ಮೆ ಮಲ್ಲಿಗೆಯೊಳಗೆ ಮುಳುಗಿದರೆ ಆ ಮಲ್ಲಿಗೆ ಕೊನೆಯವರೆಗೂ ಬೇರಿನ ವಾಸನೆಯನ್ನೇ ಹೊಡೆಯುತ್ತದೆ. ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು. ಯಾವ ನಂಬರಿಗೆ ಯಾವ ಹೆಸರು ಎಂಬ ಪಟ್ಟಿಯನ್ನು ಮನೆಯ ಇನ್ನೊಬ್ಬರ ಕೈಗೆ ಕೊಟ್ಟು, ನಂಬರುಗಳನ್ನೂ ಅವರಿಂದಲೇ ಹಾಕಿಸುವುದು ಇನ್ನೂ ಒಳ್ಳೆಯದು. ‘ಶಮಾಮಾ’ ಎಂಬ ಮಸಾಲೆ ಬೆರೆತ ದುಬಾರಿ ಅತ್ತರಿನ ಹೆಸರೂ ಅದರ ಬೆಲೆಯೂ ಕಣ್ಣಿಗೆ ಬಿದ್ದರೆ ಮೂಗು ತಾನಾಗಿಯೇ ಗೌರವ ಕೊಡಲು ಶುರು ಮಾಡುತ್ತದೆ.

ಕಾಗದದ ಪಟ್ಟಿಗೆ 300 ಜಿಎಸ್‌ಎಂ ಜಲವರ್ಣದ ಹಾಳೆ ಸಾಕು. ಒಂದು ಸೆಂಟಿಮೀಟರ್ ಅಗಲ, ಹನ್ನೆರಡು ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ತುದಿಯ ಒಂದು ಸೆಂಟಿಮೀಟರಿಗೆ ಮಾತ್ರ ಎಣ್ಣೆ ತಾಗಿಸಿ, ಆ ತುದಿ ಮೇಜಿಗೆ ತಾಗದ ಹಾಗೆ ಮಡಚಿ ಇಡುವುದು. ಹಳೇ ಲಗ್ನಪತ್ರಿಕೆ ಕತ್ತರಿಸಿ ಬಳಸುವವರಿದ್ದಾರೆ. ಮುದ್ರಣದ ಶಾಯಿ, ಮೂಲೆಯ ಅರಿಸಿನ, ಕೆಲವದರಲ್ಲಿ ಪೂಸಿದ ಸೆಂಟು, ಎಲ್ಲ ಸೇರಿ ಅಲ್ಲಿ ಬೇರೊಂದು ಮದುವೆಯೇ ನಡೆದಿರುತ್ತದೆ. ಅಂದಹಾಗೆ ಎಣ್ಣೆಯ ಮಟ್ಟಿಗೆ ಕಾಗದ ಅರ್ಧ ಸಾಕ್ಷಿ ಮಾತ್ರ. ಎಣ್ಣೆ ನಾರಿನೊಳಗೆ ಇಳಿದುಬಿಡುತ್ತದೆ, ಮೇಲೇಳುವುದು ಕಡಿಮೆ. ಎರಡು ಅತ್ತರನ್ನು ಅಕ್ಕಪಕ್ಕ ಇಟ್ಟು ಹೋಲಿಸಲು, ಮೂರನೇ ದಿನ ಏನು ಉಳಿದಿದೆ ಎಂದು ನೋಡಲು ಮಾತ್ರ ಕಾಗದ. ತೀರ್ಪು ಚರ್ಮದ ಮೇಲೆಯೇ ಆಗಬೇಕು.

ಚರ್ಮಕ್ಕೆ ಎಷ್ಟು ಹಚ್ಚುವುದು ಎಂಬಲ್ಲಿ ಎಲ್ಲರೂ ಎಡವುತ್ತಾರೆ. ಗಾಜಿನ ಕಡ್ಡಿಯನ್ನು ಶೀಶೆಯ ಬಾಯಿಗೆ ಒರೆಸಿ, ಒಮ್ಮೆ ತಾಗಿಸಿದರೆ ಸುಮಾರು ನೂರನೇ ಒಂದು ಗ್ರಾಂ ಬೀಳುತ್ತದೆ. ಅಷ್ಟೇ ಸಾಕು. ಚಿನ್ನ ತೂಗುವ ಸಣ್ಣ ತಕ್ಕಡಿ ಮನೆಯಲ್ಲಿದ್ದರೆ ಹತ್ತು ಸಲ ಕಾಗದಕ್ಕೆ ತಾಗಿಸಿ ತೂಗಿ ನೋಡಿ, ಕೈ ಲೆಕ್ಕಕ್ಕೆ ಬರುತ್ತದೆ. ರೋಲ್ ಆನ್ ಶೀಶೆಯಲ್ಲಿ ಬಂದ ಸ್ಯಾಂಪಲನ್ನು ನೇರವಾಗಿ ಉರುಳಿಸಬೇಡಿ. ಗುಂಡು ಎರಡು ಸುತ್ತು ತಿರುಗುವಷ್ಟರಲ್ಲಿ ಬೇಕಾದ್ದರ ಹಲವು ಪಟ್ಟು ಹತ್ತಿರುತ್ತದೆ, ಜೊತೆಗೆ ಮೈಯ ಜಿಡ್ಡು ಒಳಗೆ ಸೇರುತ್ತದೆ. ಬೆಂಕಿಕಡ್ಡಿಯ ಮದ್ದಿಲ್ಲದ ತುದಿಯನ್ನು ಗುಂಡಿಗೆ ತಾಗಿಸಿ ಅದರಿಂದ ಹಚ್ಚಬಹುದು. ಹೆಚ್ಚು ಹಚ್ಚಿದಾಗ ಆಗುವ ತೊಂದರೆ ಬರೀ ತಲೆನೋವಲ್ಲ. ಮೂಗು ಹತ್ತೇ ನಿಮಿಷದಲ್ಲಿ ಸೋತು, ‘ಇದು ನಿಲ್ಲುವುದೇ ಇಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಎದುರಿಗೆ ಕೂತವರು ಮಾತ್ರ ಕಿಟಕಿ ತೆಗೆಯುತ್ತಿರುತ್ತಾರೆ.

ಗುಲಾಬಿಯ ರೂಹ್ ಗುಲಾಬ್, ಲಾವಂಚದ ರೂಹ್ ಖಸ್‌ನಂಥವು ಗಂಧದೆಣ್ಣೆಗೆ ಇಳಿಸದ ಅಪ್ಪಟ ಸಾರ. ಇವನ್ನು ಒಂದು ಹನಿಗೆ ಒಂಬತ್ತು ಹನಿ ವಾಸನೆಯಿಲ್ಲದ ಎಣ್ಣೆ ಸೇರಿಸಿಯೇ ಹಚ್ಚುತ್ತೇನೆ. ಅಡುಗೆಮನೆಯ ಕೊಬ್ಬರಿ ಎಣ್ಣೆ ಬೇಡ, ಅದಕ್ಕೆ ತನ್ನದೇ ವಾಸನೆ ಇದೆ. ಅದೂ ಅಲ್ಲದೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಶೀಶೆಯಲ್ಲಿ ಬೆಣ್ಣೆ ಕಾಣುತ್ತದೆ. ಎಲ್ಲ ಋತುವಿನಲ್ಲೂ ತೆಳ್ಳಗೇ ಇರುವ ಫ್ರ್ಯಾಕ್ಷನೇಟೆಡ್ ಕೊಬ್ಬರಿ ಎಣ್ಣೆ ಆಗುತ್ತದೆ. ಹೊಸ ಸ್ಯಾಂಪಲ್ ಯಾವುದೇ ಇರಲಿ, ಮೊದಲು ಮೊಣಕೈ ಒಳಮಡಿಕೆಯಲ್ಲಿ ಚುಕ್ಕಿಯಷ್ಟು ಹಚ್ಚಿ ಒಂದು ದಿನ ಕಾಯಬೇಕು. ಲವಂಗ, ಚಕ್ಕೆ ಬಿದ್ದ ಮಸಾಲೆ ಅತ್ತರುಗಳು ಕೆಲವರಿಗೆ ಕೆಂಪಗೆ ಎಬ್ಬಿಸುತ್ತವೆ. ಬರ್ಗಮಾಟ್‌ನಂಥ ನಿಂಬೆ ಜಾತಿಯ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಉಳಿಯಬಹುದು.

ದಿನಕ್ಕೆ ಎರಡೇ ಅತ್ತರು, ಒಂದು ಕೈಗೆ ಒಂದು. ಮಣಿಕಟ್ಟು ಬಿಟ್ಟು ಮುಂಗೈ ಒಳಭಾಗದ ನಡುವೆ ಹಚ್ಚುತ್ತೇನೆ. ಮಣಿಕಟ್ಟಿಗೆ ಗಡಿಯಾರದ ಪಟ್ಟಿ, ಕೈತೊಳೆಯುವ ಸೋಪು, ಬೆವರು ಎಲ್ಲ ತಾಗುತ್ತದೆ. ಹಚ್ಚಿ ಉಜ್ಜಬಾರದು. ಅಂದು ಸ್ನಾನಕ್ಕೆ ಸೆಂಟಿನ ಸೋಪಿಲ್ಲ, ಮುಂಗೈಗೆ ಕಡಲೆಹಿಟ್ಟು. ಹೊತ್ತು ಬೆಳಗ್ಗೆ ಹತ್ತರ ಮೇಲೆ, ಅಡುಗೆಮನೆಯ ಒಗ್ಗರಣೆ, ದೇವರಮನೆಯ ಊದುಬತ್ತಿ ಎರಡೂ ಅಡಗಿದ ನಂತರ. ಐದು ನಿಮಿಷ, ಅರ್ಧ ಗಂಟೆ, ಎರಡು ಗಂಟೆ, ಆರು ಗಂಟೆ, ಮರುದಿನ ಬೆಳಗ್ಗೆ ಎದ್ದೊಡನೆ, ಹೀಗೆ ಐದು ಸಲ ಮೂಸಿ ಒಂದೊಂದು ಸಾಲು ಬರೆದಿಡುತ್ತೇನೆ. ನಡುನಡುವೆ ಮೂಸುತ್ತಾ ಇದ್ದರೆ ಮೂಗು ಮರಗಟ್ಟುತ್ತದೆ. ಅಂಗಡಿಗಳಲ್ಲಿ ಕಾಫಿಬೀಜದ ಬಟ್ಟಲು ಮುಂದೆ ಹಿಡಿಯುವುದುಂಟು, ಅದು ಇನ್ನೊಂದು ಗಟ್ಟಿ ವಾಸನೆ ಅಷ್ಟೇ. ಏನೂ ಹಚ್ಚದ ತೋಳನ್ನೋ, ಹಾಕಿಕೊಂಡ ಹತ್ತಿ ಬಟ್ಟೆಯನ್ನೋ ಒಂದೆರಡು ಸಲ ಮೂಸಿದರೆ ಮೂಗು ತಹಬಂದಿಗೆ ಬರುತ್ತದೆ.

ಬರೆದಿಡುವ ಮಾತಿನ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ‘ಚೆನ್ನಾಗಿದೆ’, ‘ಘಮ್ಮೆನ್ನುತ್ತಿದೆ’ ಎಂದು ಬರೆದ ಸಾಲು ತಿಂಗಳಾದ ಮೇಲೆ ಓದಿದರೆ ಏನೂ ಹೇಳುವುದಿಲ್ಲ. ಕೆಟ್ಟ ವಾಸನೆಗೆ ನಮ್ಮ ಮನೆಗಳಲ್ಲಿ ಇರುವ ಪದಗಳು ಬಹಳ ಖಚಿತ, ಅವನ್ನೇ ಬಳಸಬೇಕು. ಕಮಟು ಅಂದರೆ ಹಳೇ ಎಣ್ಣೆಯಲ್ಲಿ ಕರಿದ ಹಪ್ಪಳದ ವಾಸನೆ. ಅತ್ತರಿನಲ್ಲಿ ಅದು ಬಂದರೆ ಯಾವುದೋ ಅಡುಗೆ ಎಣ್ಣೆ ಜಾತಿಯದನ್ನು ಬುಡಕ್ಕೆ ಹಾಕಿದ್ದಾರೆ, ಅದು ಗಾಳಿಗೆ ಕೆಟ್ಟಿದೆ ಎಂದು ತಿಳಿಯಬೇಕು, ಅದಕ್ಕೆ ಮದ್ದಿಲ್ಲ. ಮುಗ್ಗಲು ಅಂದರೆ ಮಳೆಗಾಲದ ಬೀರು. ನೀರಿನಂಶ ಸರಿಯಾಗಿ ಬೇರೆಯಾಗಿಲ್ಲ. ಈ ನೀರು ಆರಲೆಂದೇ ಕನೌಜಿನಲ್ಲಿ ಹಿಂದಿನಿಂದಲೂ ಅತ್ತರನ್ನು ಕುಪ್ಪಿ ಎಂಬ ತೊಗಲಿನ ಸೀಸೆಯಲ್ಲಿ ಇಡುತ್ತಿದ್ದರು. ಸೀದ ವಾಸನೆ ಬಂದರೆ ಗಾಬರಿ ಬೇಡ. ಹೂವು ತಳ ಹಿಡಿದಿರಬಹುದು, ಇಲ್ಲವೇ ಭಟ್ಟಿಯಿಂದ ಈಗಷ್ಟೇ ಇಳಿದ ಮಾಲಿರಬಹುದು. ಎರಡನೆಯದಾದರೆ ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ, ಮೊದಲನೆಯದಾದರೆ ಹೋಗುವುದಿಲ್ಲ. ಹಸಿ ವಾಸನೆ ಎಂದರೆ ಹೂವಿನ ಜೊತೆ ತೊಟ್ಟು, ಎಲೆ ಹೆಚ್ಚು ಬಿದ್ದಿರಬಹುದು. ಘಾಟು ಮೊದಲ ನಿಮಿಷದಲ್ಲಿ ಮೂಗಿನ ಸೇತುವೆಗೆ ಚುಚ್ಚಿದರೆ ಬಹುಮಟ್ಟಿಗೆ ಕೃತಕ ದ್ರವ್ಯದ ಕೆಲಸ, ಮಸಾಲೆಯ ಘಾಟು ಗಂಟಲಿಗೆ ಇಳಿಯುತ್ತದೆ. ಆದರೆ ಇದೇ ಪದಗಳನ್ನು ಎಲ್ಲದಕ್ಕೂ ಒಂದೇ ಅಳತೆಯಲ್ಲಿ ಹಚ್ಚಬಾರದು. ಲಾವಂಚಕ್ಕೆ ಸ್ವಲ್ಪ ಮಣ್ಣಿನ ತೇವ ಹುಟ್ಟುಗುಣ. ತಾಮ್ರದ ಪಾತ್ರೆಯಲ್ಲಿ ಇಳಿಸಿದ ರೂಹ್ ಖಸ್ ಹಸಿರು ತಿರುಗಿರುತ್ತದೆ, ಬಣ್ಣ ಹಾಕಿದ್ದಾರೆಂದು ಜಗಳಕ್ಕೆ ಹೋಗುವ ಮೊದಲು ಇದು ಗೊತ್ತಿರಲಿ.

ಬುಡದ ಎಣ್ಣೆಗೇ ಈಗ ಬರೋಣ, ಯಾಕೆಂದರೆ ಸ್ಯಾಂಪಲಿನ ಅರ್ಧ ಸತ್ಯ ಅಲ್ಲಿದೆ. ಹಳೇ ಪದ್ಧತಿಯಲ್ಲಿ ಡೇಗ್ ಎಂಬ ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆ ಹಾದು ಭಪ್ಕಾ ಎಂಬ ಇನ್ನೊಂದು ತಾಮ್ರದ ಪಾತ್ರೆಗೆ ಇಳಿಯುತ್ತದೆ. ನೀರಿನ ತೊಟ್ಟಿಯಲ್ಲಿ ಕೂತ ಆ ಭಪ್ಕಾದೊಳಗೆ ಮೊದಲೇ ಶ್ರೀಗಂಧದ ಎಣ್ಣೆ ಇರುತ್ತದೆ. ದಿನವೂ ಹೊಸ ಹೂವು, ಅದೇ ಎಣ್ಣೆ, ಹತ್ತು ಹದಿನೈದು ದಿನ. ಈಗ ಶ್ರೀಗಂಧದ ಎಣ್ಣೆ ಕೆಜಿಗೆ ಲಕ್ಷ ದಾಟಿದೆ, ಅಂದರೆ ಗ್ರಾಮಿಗೆ ನೂರು ರೂಪಾಯಿಗಿಂತ ಹೆಚ್ಚು. ಹತ್ತು ಮಿಲಿ ಗಂಧದೆಣ್ಣೆಯ ತೂಕ ಸುಮಾರು 9.7 ಗ್ರಾಂ. ಹೂವು, ಸೌದೆ, ಕೂಲಿ ಏನನ್ನೂ ಸೇರಿಸದೆ ಬುಡಕ್ಕೇ ಸಾವಿರದ ಹತ್ತಿರ ಬಂತು. ಹೀಗಿರುವಾಗ ಹತ್ತು ಮಿಲಿ ‘ಗಂಧದ ಮೇಲಿನ ಗುಲಾಬಿ’ ಮುನ್ನೂರು ರೂಪಾಯಿಗೆ ಸಿಗುತ್ತಿದ್ದರೆ ಮೂಸಿ ನೋಡುವ ಅಗತ್ಯವೂ ಇಲ್ಲ. ಅಲ್ಲಿ ಇರುವುದು ಲಿಕ್ವಿಡ್ ಪ್ಯಾರಾಫಿನ್, ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವ ಡಿಓಪಿ ಅಥವಾ ಅಂಥದ್ದೇ ವಾಸನೆಯಿಲ್ಲದ ದ್ರವ. ಪ್ಯಾರಾಫಿನ್ ಬುಡದ್ದನ್ನು ಅದೇ ಎಂದು ಹೇಳಿ ಮಾರಿದರೆ ನನ್ನ ತಕರಾರಿಲ್ಲ, ಗಂಧ ಎಂದು ಹೇಳಿ ಮಾರಬಾರದು.

ಪರೀಕ್ಷೆಗೆ ನಾನು ಶ್ರೀಗಂಧದ ಎಣ್ಣೆಯ ಒಂದು ಸಣ್ಣ ಶೀಶೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. 1916ರಲ್ಲಿ ಮೈಸೂರಿನಲ್ಲಿ ಶುರುವಾದ ಸರ್ಕಾರಿ ಕಾರ್ಖಾನೆಯ ಪರಂಪರೆಯದು, ಈಗ ರಾಜ್ಯ ಸರ್ಕಾರದ ಸೋಪು ಕಂಪನಿ ಕೆಎಸ್‌ಡಿಎಲ್ ಮಾರುತ್ತದೆ. ನಿಜವಾದ ಗಂಧದೆಣ್ಣೆ ಮೊದಲು ಹೆಚ್ಚು ಮಾತಾಡುವುದಿಲ್ಲ. ಕಾಯಿಸಿದ ಹಾಲಿನ ಮೇಲಿನ ಕೆನೆಯಂತೆ ಮೆತ್ತಗಿದ್ದು, ಸಂಜೆಯವರೆಗೂ ಒಂದೇ ಎತ್ತರದಲ್ಲಿ ನಿಂತಿರುತ್ತದೆ. ಕೃತಕ ಶ್ರೀಗಂಧ ಮೊದಲ ನಿಮಿಷದಿಂದಲೇ ಕೂಗುತ್ತದೆ. ಆರನೇ ಗಂಟೆಯ ಹೊತ್ತಿಗೆ ಅತ್ತರಿನ ಪಕ್ಕದಲ್ಲಿ, ನಾಲ್ಕು ಬೆರಳು ದೂರಕ್ಕೆ, ಈ ಎಣ್ಣೆಯ ಚುಕ್ಕಿ ಹಚ್ಚಿ ಎರಡನ್ನೂ ಮೂಸುತ್ತೇನೆ. ಹೂವು ಇಳಿದ ಮೇಲೆ ಉಳಿದ ನೆಲ ಇದಕ್ಕೆ ಹತ್ತಿರವಿದ್ದರೆ ಬುಡ ಗಂಧದ್ದು. ಜಿಡ್ಡು ಉಳಿದು ವಾಸನೆ ಮಾತ್ರ ಖಾಲಿಯಾಗಿದ್ದರೆ ಪ್ಯಾರಾಫಿನ್ನಿನಂಥದ್ದು. ಪೌಡರ್ ಡಬ್ಬಿಯ ಸಿಹಿ ಉಳಿದಿದ್ದರೆ ಕೃತಕ ಕಸ್ತೂರಿ. ಒಂದು ಎಚ್ಚರಿಕೆ: ಕೆಲವು ಕೃತಕ ಕಸ್ತೂರಿಗಳು ಕೆಲವರ ಮೂಗಿಗೆ ಹತ್ತುವುದೇ ಇಲ್ಲ. ನಿಮಗೆ ಖಾಲಿ ಎನಿಸಿದ್ದು ಪಕ್ಕದವರಿಗೆ ಗಾಢವಾಗಿರಬಹುದು. ಇನ್ನೊಂದು ಮೂಗಿನ ಸಾಕ್ಷಿ ಇಲ್ಲದೆ ‘ನಿಂತಿಲ್ಲ’ ಎಂದು ಬರೆಯುವುದಿಲ್ಲ.

ಹೂವಿನ ಅತ್ತರುಗಳನ್ನು ನೋಡುವಾಗ ನಿಜವಾದ ಹೂವು ಪಕ್ಕದಲ್ಲಿದ್ದರೆ ಕಣ್ಣು ತೆರೆಯುತ್ತದೆ. ಮೋತಿಯಾ, ಅಂದರೆ ಮಲ್ಲಿಗೆಯ ಅತ್ತರು, ನೋಡುವ ಸಂಜೆ ಒಂದು ಮೊಳ ಮಲ್ಲಿಗೆ ತರುತ್ತೇನೆ. ಏಳು ಗಂಟೆಗೆ ಮೊಗ್ಗು ಬಿರಿಯುವಾಗ ಒಮ್ಮೆ, ಮರುದಿನ ಬೆಳಗ್ಗೆ ದಳ ಕಂದಿದಾಗ ಇನ್ನೊಮ್ಮೆ ಮೂಸಿದರೆ, ಎರಡನೆಯ ಸಲ ಒಂದು ಭಾರವಾದ, ಮೈಯ ವಾಸನೆಗೆ ಹತ್ತಿರದ ಎಳೆ ಸಿಗುತ್ತದೆ. ಇಂಡೋಲ್ ಎಂಬ ರಾಸಾಯನಿಕ ಅದು. ಒಳ್ಳೆಯ ಮೋತಿಯಾದಲ್ಲಿ ಈ ಬೆಳಗಿನ ಮಲ್ಲಿಗೆಯ ಎಳೆ ಇರುತ್ತದೆ, ಜೊತೆಗೆ ಬೆಂದ ಹೂವಿನ ಛಾಯೆಯೂ ಇರುತ್ತದೆ, ಹಂಡೆಯಲ್ಲಿ ಕುದಿದು ಬಂದದ್ದಲ್ಲವೇ. ಆಗತಾನೇ ಬಿರಿದ ಮಲ್ಲಿಗೆಯಂತೆಯೇ ನೂರಕ್ಕೆ ನೂರು ಘಮಘಮಿಸುವ ಅತ್ತರಿನ ಬಗ್ಗೆ ನನಗೆ ಅನುಮಾನ ಜಾಸ್ತಿ. ಸಂಪಿಗೆಗೂ ಇದೇ ಮಾತು. ಕೇದಗೆಯದು ಇನ್ನೊಂದು ಬಗೆ. ಒಡಿಶಾದ ಗಂಜಾಂ ಕಡೆಯಿಂದ ಬರುವ ಕೇವಡಾದ ಮುಖ್ಯ ಘಟಕ ಒಂದೇ ರಾಸಾಯನಿಕ, ಅದನ್ನು ಅಗ್ಗವಾಗಿ ಕೃತಕವಾಗಿ ಮಾಡಬಹುದು. ಆದ್ದರಿಂದ ಮೊದಲ ಗಂಟೆಯಲ್ಲಿ ಅಸಲಿ ನಕಲಿ ಹೇಳುವುದು ಕಷ್ಟ, ಎರಡು ಗಂಟೆ ಕಳೆದ ಮೇಲೆ ನಕಲಿ ಬರೀ ಬಿರಿಯಾನಿಯ ನೆನಪು ಉಳಿಸಿ ಹೋಗುತ್ತದೆ. ‘ಹೀನಾ’ ಎಂಬ ಹೆಸರಲ್ಲೂ ಗೊಂದಲವಿದೆ. ಗುಲ್ ಹೀನಾ ಮದರಂಗಿ ಹೂವಿನದು, ಬರೀ ಹೀನಾ ಅಂದರೆ ಹೆಚ್ಚಾಗಿ ಮಸಾಲೆ, ಬೇರು, ನಾರು ಬೆರೆತ ಚಳಿಗಾಲದ ಅತ್ತರು. ಯಾವುದೆಂದು ಕೇಳಿಯೇ ಸ್ಯಾಂಪಲ್ ತರಿಸಬೇಕು.

ಹವೆಯನ್ನು ಬರೆದಿಡದ ಟಿಪ್ಪಣಿ ಅರ್ಧ ಟಿಪ್ಪಣಿ. ಮೇ ತಿಂಗಳ ಮಂಗಳೂರಿನ ಸೆಕೆಯಲ್ಲಿ ಹೀನಾ ಉಸಿರು ಕಟ್ಟಿಸುತ್ತದೆ, ಅದೇ ಶೀಶೆ ಮಡಿಕೇರಿಯ ಜನವರಿಯಲ್ಲಿ ಹಿತ. ಲಾವಂಚ, ಮಣ್ಣಿನ ಅತ್ತರಾದ ಮಿಟ್ಟಿ ಇದಕ್ಕೆ ತಿರುಗುಮುರುಗು. ಇಷ್ಟವಾಗದ ಸ್ಯಾಂಪಲನ್ನು ಅದಕ್ಕೇ ಎಸೆಯದೆ ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುತ್ತೇನೆ. ಬೆಳಕು ಬೀಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಆಯಿತು, ಫ್ರಿಜ್ ಬೇಡ. ಶೀಶೆಗೆ ರಬ್ಬರ್ ಬುರುಡೆಯ ಡ್ರಾಪರ್ ಇದ್ದರೆ ತೆಗೆದು ಬೇರೆ ಮುಚ್ಚಳ ಹಾಕಿ, ಎಣ್ಣೆಯ ಆವಿಗೆ ರಬ್ಬರ್ ಉಬ್ಬಿ, ಜಿಗುಟಾಗಿ, ತನ್ನ ವಾಸನೆಯನ್ನೂ ಕೆಳಗೆ ಬಿಡುತ್ತದೆ.

ಒಂದು ಮಿಲಿ ಸ್ಯಾಂಪಲ್ ಗೆದ್ದರೆ ನೇರ ಹತ್ತು ಮಿಲಿಗೆ ಹಾರುವುದಿಲ್ಲ, ಮೂರು ಮಿಲಿ ತರಿಸುತ್ತೇನೆ. ಹಳೇ ಶೀಶೆಯ ತಳದಲ್ಲಿ ನಾಲ್ಕೈದು ಹನಿ ಉಳಿಸಿ, ತಾರೀಖು ಬರೆದು ಇಟ್ಟಿರುತ್ತೇನೆ. ಹೂವಿನ ಬೆಳೆ ವರ್ಷದಿಂದ ವರ್ಷಕ್ಕೆ ಬೇರೆ, ಭಟ್ಟಿಯವರ ಕೈಯೂ ದಿನದಿಂದ ದಿನಕ್ಕೆ ಬೇರೆ. ಎರಡು ಕಾಗದದ ಪಟ್ಟಿ, ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು. ಹೊಸದರಲ್ಲಿ ಸೀದ ವಾಸನೆ ಮಾತ್ರ ಹೆಚ್ಚಿದ್ದರೆ ಎರಡು ತಿಂಗಳು ಡಬ್ಬಿಯಲ್ಲಿಟ್ಟು ಮತ್ತೆ ನೋಡುವುದು. ಮೂರನೇ ದಿನದ ಪಟ್ಟಿಗಳಲ್ಲಿ ಉಳಿದದ್ದೇ ಬೇರೆ ಬೇರೆ ಇದ್ದರೆ, ಹೆಸರು ಒಂದೇ ಆದರೂ ಅದು ಹೊಸ ಅತ್ತರು, ಹೊಸ ನಂಬರು.